ಮಣೆಗೆ ಬಿದ್ದ ನಂಬರು

ನಾನು ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ದೊಡ್ಡವರು ದೊಡ್ಡ ವಿಷಯ ನೋಡಿಕೊಳ್ಳುತ್ತಾರೆ, ಸಣ್ಣಪುಟ್ಟದ್ದು ನಮ್ಮಂಥವರ ಪಾಲಿಗೆ ಎಂದೇ ತಿಳಿದಿದ್ದೆ. ಲಕಮನಹಳ್ಳಿಯ ಒಂದು ದೊಡ್ಡ ಕಂಪನಿಯಲ್ಲಿ ಚಹಾ ಮಾಡುವ ಕೆಲಸಕ್ಕೆ ಸೇರಿದ ಮೇಲೆ ಗೊತ್ತಾಯಿತು, ದೊಡ್ಡ ಕಂಪನಿಗೆ ಸಣ್ಣದು ಎಂಬುದೇ ಇಲ್ಲ. ಅಲ್ಲಿ ಚಹಾ ಸೋಸುವ ಜರಡಿಗೂ ನಂಬರು ಇದೆ. ಅದರ ಹಿಡಿಕೆ ಸಡಿಲಾದರೆ ಮನೆಯಲ್ಲಾದರೆ ಒಂದು ಚಿಂದಿ ಸುತ್ತಿ ಹತ್ತು ವರ್ಷ ನಡೆಸುತ್ತೇನೆ. ಇಲ್ಲಿ ಅದರ ಫೋಟೋ ಮುಂಬೈಯ ದೊಡ್ಡ ಆಫೀಸಿಗೆ ಹೋಗಬೇಕು, ಅಲ್ಲಿ ಯಾರೋ ನೋಡಿ 'ಹೌದು, ಸಡಿಲಾಗಿದೆ' ಎಂದು ಒಪ್ಪಬೇಕು. ಅದಕ್ಕೆ ಎಂಟು ದಿನ. ಅಲ್ಲಿಯ ತನಕ ಸಾಹೇಬರು ಚಹಾಪುಡಿ ಅಗಿಯುತ್ತ ಕೆಲಸ ಮಾಡುತ್ತಾರೆ.

ನನ್ನ ಪೀಕಲಾಟ ಒಂದು ಮಣೆಯದು. ಕಂಪನಿ ಕೊಟ್ಟ ಸ್ಟೂಲಿನ ಮೇಲೆ ಕುಳಿತರೆ ಕಾಲು ಜೋತಾಡಿ ಮೊಣಕಾಲು ಬಾತುಕೊಳ್ಳುತ್ತಿದ್ದವು. ಮನೆಯ ಹಳೆಯ ಸಾಗವಾನಿ ಮಣೆಯನ್ನು ಕೈಚೀಲದಲ್ಲಿ ತಂದು ಚಹಾದ ಕೋಣೆಯ ಮೂಲೆಯಲ್ಲಿ ಇಟ್ಟುಕೊಂಡೆ. ವರ್ಷವಿಡೀ ಯಾರೂ ಕೇಳಲಿಲ್ಲ. ಆಮೇಲೆ ತಪಾಸಣೆ ಬಂತು. ಸಾಮಾನುಗಳ ಉಸ್ತುವಾರಿಯ ಸ್ನೇಹಾ ಮೇಡಂ ಅಳತೆಯ ಟೇಪು ಹಿಡಿದು ಒಳಗೆ ಬಂದಳು. ನನ್ನ ಮೊಮ್ಮಗಳ ವಯಸ್ಸಿನ ಹುಡುಗಿ.

"ಅಜ್ಜಿ, ಇದಕ್ಕ ನಂಬರ ಇಲ್ಲಲ್ರಿ. ಏನಿದು?"

"ಮಣಿ."

"ಕುರ್ಚಿ ಪೈಕಿನೋ, ಟೇಬಲ್ ಪೈಕಿನೋ?"

"ಕುಂತ್ರ ಕುರ್ಚಿ, ತಾಟ ಇಟ್ರ ಟೇಬಲ್. ನಿನಗ ಯಾವ್ದ ಬೇಕ ಅದನ್ನ ಬರಕೋ."

ಉದ್ದ, ಅಗಲ, ಎತ್ತರ ಅಳೆದಳು. ತೂಗಿದಳು. ಎಷ್ಟು ಭಾರ ತಡೆಯುತ್ತದೆ ಎಂದು ಬರೆಯಬೇಕಂತೆ. ಆಫೀಸಿನ ಅತಿ ದಪ್ಪನೆಯ ಸಾಹೇಬರನ್ನು ಕರೆದು ಕೂರಿಸಿದರು. ಮಣೆ ತಡೆಯಿತು, ಸಾಹೇಬರನ್ನು ಎಬ್ಬಿಸಲು ಮಾತ್ರ ಇಬ್ಬರು ಬೇಕಾಯಿತು. ಕೊನೆಗೆ ಕೇಳಿದಳು, "ಇದು ಯಾರದ್ರಿ?"

ಇಲ್ಲಿ ನಾನು ಜಾಣತನ ಮಾಡಿದೆ. ಹೊರಗಿನ ಸಾಮಾನು ತಂದಿದ್ದೀಯಾ ಎಂದು ಬಿಸಾಕಿದರೆ ಮತ್ತೆ ಆ ಸ್ಟೂಲೇ ಗತಿ. "ಕಂಪನೀದ, ಮತ್ಯಾರದು? ನಾ ಬರೂದಕ್ಕಿಂತ ಮೊದಲಽ ಇತ್ತು" ಎಂದೆ. ಮರುದಿನ ಮಣೆಯ ನೆತ್ತಿಗೆ ಹನ್ನೊಂದು ಅಂಕಿಯ ಚೀಟಿ ಬಿತ್ತು. ನಾನು ಗೆದ್ದೆನೆಂದು ಆರಾಮವಾಗಿ ಕುಳಿತೆ.

ಅಷ್ಟರಲ್ಲಿ ಮೊಮ್ಮಗಳ ಸೀಮಂತದ ಕುಬಸಕ್ಕೆ ದಿನ ಗೊತ್ತಾಯಿತು. ನಮ್ಮ ಮನೆಯಲ್ಲಿ ಬಸುರಿಯನ್ನು ಅದೇ ಮಣೆಯ ಮೇಲೆ ಕೂರಿಸಿ ಆರತಿ ಎತ್ತುವುದು. ನನ್ನ ಅತ್ತೆ ನನ್ನನ್ನು ಕೂರಿಸಿದ್ದಳು, ನಾನು ಮಗಳನ್ನು ಕೂರಿಸಿದ್ದೆ. ಗರಗದ ಬೀಗತಿ, ಅಂದರೆ ಮೊಮ್ಮಗಳ ಅತ್ತೆ, "ಪ್ಲಾಸ್ಟಿಕ್ ಕುರ್ಚಿ ಹಾಕಿದ್ರಾತು ಬಿಡ್ರಿ" ಎಂದಾಗ, "ನಮ್ಮ ಮನಿತನದಾಗ ಹಂಗೆಲ್ಲಾ ನಡ್ಯಂಗಿಲ್ಲ" ಎಂದು ಮುಖಕ್ಕೆ ಹೊಡೆದಂತೆ ಹೇಳಿದ್ದೆ. ಕುಬಸದ ಹಿಂದಿನ ದಿನ ಮಣೆ ಕಂಕುಳಲ್ಲಿ ಇಟ್ಟುಕೊಂಡು ಹೊರಟರೆ ಗೇಟಿನಲ್ಲಿ ಕಾವಲಿನ ಇಮಾಮಸಾಬ ತಡೆದ.

"ಅವ್ವಾರ, ನಂಬರ ಬಿದ್ದ ಸಾಮಾನ ಹೊರಗ ಬಿಡಂಗಿಲ್ರಿ."

"ಇದು ನಂದಪಾ."

"ಕಂಪನೀದು ಅಂತ ನೀವಽ ಹೇಳೀರಂತ. ಬರದಾರ ನೋಡ್ರಿ ಇಲ್ಲೆ."

ಬಂದ ದಾರಿಯಲ್ಲೇ ತಿರುಗಿ ಹೋಗಿ ಸ್ನೇಹಾ ಮೇಡಂ ಮುಂದೆ ನಿಂತೆ. "ಸುಳ್ಳ ಹೇಳಿದ್ನೆವಾ. ಮಣಿ ನಮ್ಮ ಮನೀದು. ನಾಳೆ ಕುಬಸ. ಇದನ್ನ ಒಯ್ಲಿಲ್ಲಂದ್ರ ಬೀಗತಿ ಮುಂದ ನನ್ನ ಮಾನ ಹೋಗತೈತಿ."

"ನಿಮ್ಮದು ಅನ್ನಾಕ ಏನರ ಗುರುತು ಐತೇನ್ರಿ?"

"ತಳದಾಗ ನಮ್ಮ ಮನ್ಯಾವ್ರ ಹೆಸರ ಕೆತ್ತೇತಿ."

ಟೇಪು, ತಕ್ಕಡಿ, ದಪ್ಪನೆಯ ಸಾಹೇಬರು ಎಲ್ಲ ಆಗಿತ್ತು. ಮಣೆಯನ್ನು ತಿರುವಿ ನೋಡಿದವರು ಒಬ್ಬರೂ ಇರಲಿಲ್ಲ. ಸ್ನೇಹಾ ಮುಂಬೈಯ ಸಾಹೇಬರಿಗೆ ವಿಡಿಯೋ ಕಾಲ್ ಹಚ್ಚಿದಳು. ಅವರ ತೀರ್ಮಾನ ಹೀಗೆ: ಮೊದಲು ನಾನು ಬಾಯಿಬಿಟ್ಟು ಹೆಸರು ಹೇಳಬೇಕು, ಆಮೇಲೆ ಮಣೆ ತಿರುವಬೇಕು, ಎರಡೂ ಕೂಡಿದರೆ ಮಣೆ ನನ್ನದು.

ಅಲ್ಲೇ ಸಿಕ್ಕಿಬಿದ್ದೆ. ಗಂಡನ ಹೆಸರು ಹಾಗೆ ಬಾಯಿಗೆ ತಂದವಳಲ್ಲ ನಾನು. ಒಮ್ಮೆ ಸಂತೆಯಲ್ಲಿ ಆತ ತಪ್ಪಿಸಿಕೊಂಡಾಗಲೂ "ಏನ್ರೀ" ಎಂದೇ ಕೂಗಿದ್ದೆ. ಸಂತೆಯ ಗಂಡಸರೆಲ್ಲ ತಿರುಗಿ ನೋಡಿದರು, ಆತನೊಬ್ಬನನ್ನು ಬಿಟ್ಟು.

ಮುಂಬೈಯವರು ಯಾಕೆ ತಡ ಎಂದು ಹಿಂದಿಯಲ್ಲಿ ಕೇಳಿದರು. ಗಂಡನ ಹೆಸರು ಹೇಳಲು ಇವರಲ್ಲಿ ಒಂದು ಪದ್ಧತಿ ಇದೆ, ಪ್ರಾಸದಲ್ಲಿ ಒಡಪು ಕಟ್ಟಿ ಅದರೊಳಗೇ ಹೇಳಬೇಕು ಎಂದು ಸ್ನೇಹಾ ವಿವರಿಸಿದಳು. ಪದ್ಧತಿ ಎಂಬ ಮಾತು ಕಿವಿಗೆ ಬಿದ್ದದ್ದೇ ಆ ಮನುಷ್ಯ ನೆಟ್ಟಗೆ ಕುಳಿತ. ಹಾಗಿದ್ದರೆ ಪದ್ಧತಿ ಪ್ರಕಾರವೇ ಆಗಲಿ, ಕಾಯುತ್ತೇನೆ ಎಂದ. ನಾನು ತಲೆಯ ಮೇಲೆ ಸೆರಗು ಹೊದ್ದು ಹೇಳಿದೆ:

"ಚಹಾ ಸೋಸಿ ಕೊಡತೇನಿ ಬಿಸಿ ಆರೂದರಾಗ,
ಗುರಪ್ಪನವರ ಮಣಿ ಕಳಸ್ರಿ ಹೊತ್ತ ಮುಳುಗೂದರಾಗ."

ಮಣೆ ತಿರುವಿದರು. 'ಗುರಪ್ಪ' ಎಂದು ಇತ್ತು. ಸ್ನೇಹಾ ಒಡಪನ್ನೂ ಅಕ್ಷರ ಬಿಡದೆ ಬರೆದುಕೊಂಡು ನನ್ನ ಸಹಿ ಹಾಕಿಸಿದಳು. ಕುಬಸ ಮಣೆಯ ಮೇಲೆಯೇ ಆಯಿತು, ಬೀಗತಿಯ ಬಾಯಿ ಮುಚ್ಚಿತು.

ಈಗ ಕಂಪನಿಯ ಬಗ್ಗೆ ನಗಾಡುವುದನ್ನು ಕಡಿಮೆ ಮಾಡಿದ್ದೇನೆ. ಒಂದು ಜರಡಿಗೆ ಅವರು ಎಂಟು ದಿನ ತೆಗೆದುಕೊಳ್ಳುತ್ತಾರೆ, ಖರೆ. ಮೂರಕ್ಷರದ ಒಂದು ಹೆಸರಿಗೆ ನಾನು ಮುಂಬೈಯನ್ನೇ ಕಾಯಿಸಿದೆ. ಅದಕ್ಕಿಂತ ವಿಚಿತ್ರವೆಂದರೆ, ಅಲ್ಲಿದ್ದವರಲ್ಲಿ ನನ್ನ ಕಷ್ಟ ಪೂರ್ತಿ ಅರ್ಥವಾದದ್ದು ಪದ್ಧತಿ ಬಿಟ್ಟು ಕದಲದ ಆ ಮುಂಬೈ ಸಾಹೇಬರೊಬ್ಬರಿಗೇ.