ಮಾತಾಡಿಸಲು ಬಂದವರು

ರೋಗಿಯನ್ನು ಮಾತಾಡಿಸಲು ಹೋಗದಿದ್ದರೆ ವೈರ ಕಟ್ಟಿಕೊಂಡಂತೆ ಎಂದು ನಂಬಿದ ಊರಿನಲ್ಲಿ ರೋಗಕ್ಕೆ ಬೇರೆ ವಾಹನ ಬೇಕಾಗುವುದಿಲ್ಲ. ಕುಷ್ಟಗಿಯ ನಮ್ಮ ಓಣಿಯಲ್ಲಿ ಇಂಥ ಭೇಟಿಗಳು ನಡೆಯುತ್ತಲೇ ಇದ್ದವು. ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳ ಒಂದು ಚಳಿಗಾಲದಲ್ಲಿ ಕೆಮ್ಮು-ಜ್ವರ ಹಬ್ಬಿದಾಗ ನಾನು ಹಸಿ ಬಾಣಂತಿ. ತವರಾದ ಗಂಗಾವತಿಗೆ ಹೋಗೋಣವೆಂದರೆ ಅಲ್ಲಿಯೂ ಅದೇ ಜ್ವರ. ನನ್ನ ಮೊದಲ ಕೂಸನ್ನು ಇಂಥದೇ ಕೆಮ್ಮು ಒಯ್ದಿತ್ತು. ಇದು ಎರಡನೆಯದು. ಉಳಿಯಬೇಕಾಗಿತ್ತು.

೧. ಮುಯ್ಯಿ

ಮೊದಲು ಮಲಗಿದವರು ಎದುರುಮನೆಯ ಅರಿವೆ ಅಂಗಡಿಯ ಸಾಹುಕಾರರು. ಓಣಿಯೆಲ್ಲ ಅವರ ಹಾಸಿಗೆಯ ಅಂಚಿಗೇ ಕುಳಿತು, ಹಣೆ ಮುಟ್ಟಿ, ಅವರ ತಂಬಿಗೆಯ ನೀರನ್ನೇ ಕುಡಿದು ಬಂದಿತು. ಹಾಗೆ ಹೋಗಿಬಂದ ಪಕ್ಕದ ಮನೆಯ ಅಜ್ಜಿ ಎರಡೇ ದಿನಕ್ಕೆ ಹಾಸಿಗೆ ಹಿಡಿದಳು. ಸಾಹುಕಾರರು ಕಂಬಳಿ ಹೊದ್ದು, ಕೆಮ್ಮುತ್ತ, ಅವಳ ಮನೆಗೆ ಹೊರಟರು.

"ಮೈ ಕೆಂಡ ಆಗೇತಿ, ಎಲ್ಲಿಗೆ ಹೊಂಟೀರಿ?" ಎಂದು ಹೆಂಡತಿ ತಡೆದಳು.

"ಆಕಿ ನನ್ನ ನೋಡಾಕ ಬಂದಿದ್ಲು. ನಾ ಹೋಗಲಿಲ್ಲಂದ್ರ ಛಲೋ ಕಾಣ್ತದೇನು?"

ಅಜ್ಜಿ ಉಳಿಯಲಿಲ್ಲ. ಸಾಯುವ ಮುನ್ನ, "ಸಾಹುಕಾರ ಬಂದು ಹೋಗ್ಯಾನ. ಇನ್ನ ನನಗ ಯಾರ ಮ್ಯಾಲೂ ಸಿಟ್ಟಿಲ್ಲ" ಎಂದಳಂತೆ.

೨. ಡಾಕ್ಟರರು ಬಂದದ್ದು

ಜ್ವರದ ತಪಾಸಣೆಗೆಂದು ಕೊಪ್ಪಳದಿಂದ ಡಾಕ್ಟರರು ಬಂದಿದ್ದರು. ನನ್ನ ಯಜಮಾನರು ಅವರನ್ನು ಮನೆಗೆ ಕರೆತಂದರು. ಅವರು ಕೂಸಿನ ಎದೆ ಪರೀಕ್ಷಿಸಿ, "ಕೂಸು ಆರಾಮ ಐತಿ. ಜ್ವರ ಊರು ಬಿಡೂತನಕ ಯಾರನ್ನೂ ಒಳಗ ಬಿಡಬ್ಯಾಡ್ರಿ. ಒಂದು ಕೆಮ್ಮು ಸಾಕು" ಎಂದರು. ಆರೋಗ್ಯಶಾಸ್ತ್ರ ಓದಿದ ನಾನು ಮೊದಲ ದಿನವೇ ಇದನ್ನು ಹೇಳಿದ್ದೆ. ಈಗ ಹೇಳಿದವರು ಗಂಡಸರಾದ್ದರಿಂದ ಮನೆಯವರು ಒಪ್ಪಿದರು.

ಡಾಕ್ಟರರು ಮೆಟ್ಟಿಲಿಳಿಯುವಷ್ಟರಲ್ಲಿ ಅರ್ಧ ಓಣಿ ಬಾಗಿಲಲ್ಲಿತ್ತು.

"ಡಾಕ್ಟರ ಬಂದಾರಂದ್ರ ಭಾಳ ಆಗಿರಬೇಕು. ಕೂಸಿನ ಮಾರಿಯರ ನೋಡಿ ಹೋಗ್ತೀವ್ರೀ!"

೩. ಕಟ್ಟೆಯ ಮೇಲಿನ ರೋಗಿ

ಆಗ ನನ್ನ ಅತ್ತೆಯವರು ಎದ್ದರು. ಹೊರಗಿನ ಕಟ್ಟೆಯ ಮೇಲೆ ಹಾಸಿಗೆ ಹಾಸಿ, ಹೊದ್ದು ಮಲಗಿ, ನರಳತೊಡಗಿದರು.

"ಕೂಸಿಗೇನೂ ಆಗಿಲ್ರೆವಾ. ಜಡ್ಡು ಬಂದಾಕಿ ನಾನು. ನನ್ನ ಮಾತಾಡಿಸಿ ಹೋಗ್ರಿ."

ಬಂದವರು ಅವರ ಹಣೆ ಮುಟ್ಟಿ, ಕೆಮ್ಮಿ, ಕರ್ತವ್ಯ ಮುಗಿಸಿ ಅಲ್ಲಿಂದಲೇ ತಿರುಗಿದರು. ಒಬ್ಬರೂ ಹೊಸ್ತಿಲು ದಾಟಲಿಲ್ಲ. ವಾರ ತುಂಬುವುದರೊಳಗೆ ನಟನೆ ನಿಜವಾಯಿತು. ಆಗಲೂ ಅವರು ಒಳಗೆ ಬರಲೊಪ್ಪದೆ, ಆ ಚಳಿಯಲ್ಲಿ ಕಟ್ಟೆಯ ಮೇಲೆಯೇ ಉಳಿದರು. ನಾನು ಕಿಟಕಿಯಲ್ಲಿ ನಿಂತು ಅಳುತ್ತಿದ್ದರೆ, ಉಸಿರೆಳೆಯುತ್ತ ಗದರಿದರು:

"ಅಂಜಬ್ಯಾಡ. ಈಗ ಸತ್ರ ಊರೆಲ್ಲ ಅಳಾಕಂತ ಒಳಗ ಬರ್ತದ. ಮೊದಲ ಜ್ವರ ಊರ ಬಿಡ್ಲಿ, ಆಮ್ಯಾಲ ಸಾಯ್ತೀನಿ."

ಮಾತಿಗೆ ತಪ್ಪಲಿಲ್ಲ. ಓಣಿಯಲ್ಲಿ ಕೆಮ್ಮು ಅಡಗಿದ ಮೇಲೆಯೇ ತೀರಿಕೊಂಡರು. ಅಂದು ಬಾಗಿಲನ್ನು ಪೂರ್ತಿ ತೆರೆದೆವು. ಊರು ಒಳಗೆ ಬಂದಿತು. ಕೂಸು ಮಡಿಲಿಂದ ಮಡಿಲಿಗೆ ಹೋಯಿತು; ಯಾರೂ ಕೆಮ್ಮಲಿಲ್ಲ. ಎದುರುಮನೆಯ ಸಾಹುಕಾರರು ನಮ್ಮ ನಡುಮನೆಯನ್ನೊಮ್ಮೆ ಸುತ್ತ ನೋಡಿ, ಕಣ್ಣೊರೆಸಿಕೊಂಡು ನಿಟ್ಟುಸಿರಿಟ್ಟರು:

"ನಮ್ಮನ್ನ ಒಳಗ ಬಿಡಾಕ ಮುದುಕಿ ಸಾಯಬೇಕಾತು ನೋಡ್ರಿ!"