ಅಮ್ಮನ ದಿಂಬಿನ ಕವರು

"ವರ್ಷ ಪೂರ್ತಿ ಒಂದೇ ಒಂದು ತೊಟ್ಟು ಕಣ್ಣೀರು ಹಾಕಿದ್ರೆ ಕೇಳು!"

ವಿಮಾನ ಹತ್ತುವ ಮುನ್ನ ಅಪ್ಪನೆದುರು ನಾನು ಗೈದ ಭೀಷಣ ಪ್ರತಿಜ್ಞೆ ಇದು. ಪರದೇಶದ ಹೈಸ್ಕೂಲಿನಲ್ಲಿ ಒಂದು ವರ್ಷ ಓದಲು, ಅಲ್ಲಿಯ ಒಂದು ಮನೆಯಲ್ಲಿ ಮಗಳಂತಿರಲು ನಾನು ಆಯ್ಕೆಯಾಗಿದ್ದೆ. ಅರ್ಜಿಗೆ ಸಹಿ ಹಾಕಲು ಅಪ್ಪ ಹದಿನೇಳು ದಿನ ಸತಾಯಿಸಿದ್ದ.

"ನೀನು ಅತ್ತ ದಿನವೇ ವಾಪಸ್ ಟಿಕೆಟ್ ಕಳಿಸ್ತೀನಿ," ಎಂದ. ಅಲ್ಲಿಗೆ ನಮ್ಮಿಬ್ಬರ ಮಾತು ಬಂದ್! ಆಮೇಲೆ ಫೋನೇನಿದ್ದರೂ ಅಮ್ಮನ ಜೊತೆ ಮಾತ್ರ.

ಇಷ್ಟೆಲ್ಲ ಶೂರಳಾದ ನಾನು ಹೊರಡುವ ದಿನ ಒಂದು ಕಳ್ಳತನ ಮಾಡಿದ್ದೆ. ಮಂಚದ ಮೇಲೆ ಅಮ್ಮ ಮಲಗುವ ಕಡೆಯ ದಿಂಬಿನ ಕವರನ್ನು ಬಿಚ್ಚಿ ಸೂಟ್‌ಕೇಸಿಗೆ ತುರುಕಿದ್ದೆ. ದಿನಾ ಸ್ಕೂಲಿಂದ ಬಂದು ಬಾಗಿಲು ಹಾಕಿಕೊಂಡು, ಮುಖ ಹುದುಗಿಸಿ ಹತ್ತು ಸಲ ಉಸಿರೆಳೆಯುತ್ತಿದ್ದೆ. ಅಮ್ಮನ ಕೈಯ ಎಣ್ಣೆ ವಾಸನೆ! ಕ್ಲಾಸಿನಲ್ಲಿ ಎಲ್ಲರೂ ನಕ್ಕ ಜೋಕು ನನಗೊಬ್ಬಳಿಗೇ ಅರ್ಥವಾಗದ ದಿನಗಳಲ್ಲಿ ಇಪ್ಪತ್ತು ಸಲ.

ಆದರೆ ಆ ಮನೆಯ ಆಂಟಿಗೆ ಒಗೆಯುವ ಹುಚ್ಚು. ಶನಿವಾರ ಬಂತೆಂದರೆ ಕೈಗೆ ಸಿಕ್ಕಿದ ಬಟ್ಟೆಯೆಲ್ಲ ಮಷೀನಿನ ಪಾಲು! ಅವರ ಕಣ್ತಪ್ಪಿಸಲು ನಾನು ಮನೆಯೆಲ್ಲ ಜಾಲಾಡಿ, ಕೊನೆಗೆ ನನ್ನ ಕೋಣೆಯ ಗೋಡೆಯ ಬುಡದಲ್ಲೇ ಒಂದು ಜಾಲರಿ ಕಂಡು, ಅದರ ಹಿಂದಿನ ಗೂಡಿನೊಳಗೆ ಕವರನ್ನು ಬಚ್ಚಿಟ್ಟೆ. ಆಹಾ, ನನ್ನ ಬುದ್ಧಿಯೇ!

ಸೆಕೆಯ ಊರಿನಿಂದ ಬಂದವಳಿಗೆ ಅದು ಗೂಡಲ್ಲ, ಇಡೀ ಮನೆಗೆ ಬಿಸಿಗಾಳಿ ಹಂಚುವ ಕೊಳವೆ ಎಂದು ಹೇಗೆ ಗೊತ್ತಾಗಬೇಕು?

ಚಳಿ ಬಂತು. ಅಂಕಲ್ ಸ್ವಿಚ್ ಒತ್ತಿದರು. ಹತ್ತೇ ನಿಮಿಷ! ಅಡುಗೆಮನೆಯಲ್ಲಿ ಅಮ್ಮ, ಹಜಾರದಲ್ಲಿ ಅಮ್ಮ, ಬಚ್ಚಲಲ್ಲೂ ಅಮ್ಮ! ನಾನು ಮೆಟ್ಟಿಲ ಮೇಲೆ ಕಣ್ಣುಮುಚ್ಚಿ ಕೂತುಬಿಟ್ಟೆ. ಎದ್ದರೆ ಎಲ್ಲಿ ಮುಗಿದುಹೋಗುತ್ತದೋ ಎಂದು ಭಯವಾಗುತ್ತಿತ್ತು.

"ಗೋಡೆಯೊಳಗೆ ಏನೋ ಸತ್ತಿದೆ!" ಅಂಕಲ್ ಮೂಗು ಮುಚ್ಚಿಕೊಂಡು ಓಡಿ ಬಂದರು.

"ಒಂದಲ್ಲ, ಸಂಸಾರವೇ ಸತ್ತಿರಬೇಕು!" ಆಂಟಿ ಕಿಟಕಿಗಳನ್ನೆಲ್ಲ ತೆರೆದರು.

"ನಿನಗೇನೂ ವಾಸನೆ ಬರ್ತಿಲ್ವಾ?" ಎಂದು ಅಂಕಲ್ ಕೇಳಿದರು.

"ನೆಗಡಿ," ಎಂದೆ.

ಮೆಕ್ಯಾನಿಕ್ ಬಂದ. ಮೂರು ಕೋಣೆಯ ಜಾಲರಿ ಬಿಚ್ಚಿ, ನನ್ನ ಕೋಣೆಗೆ ನುಗ್ಗಿ, ಉದ್ದನೆಯ ಇಕ್ಕಳದಿಂದ ಮೃತದೇಹವನ್ನು ಹೊರಗೆಳೆದ. ಎಲ್ಲರೂ ಎರಡು ಹೆಜ್ಜೆ ಹಿಂದೆ ಸರಿದರು!

"ಇದ್ಯಾರದು?"

"ನಮ್ಮಮ್ಮಂದು," ಎಂದೆ ತಲೆತಗ್ಗಿಸಿ.

ಆಂಟಿಯ ಕಣ್ಣು ತುಂಬಿತು. "ಅಯ್ಯೋ ಕಂದಾ, ಮೊದಲೇ ಹೇಳಬಾರದಿತ್ತಾ?" ಎನ್ನುತ್ತ, ಪ್ರೀತಿ ಉಕ್ಕಿ, ನಾನು ಬಾಯಿ ತೆರೆಯುವಷ್ಟರಲ್ಲಿ ಅದನ್ನು ಮಷೀನಿಗೆ ಹಾಕೇಬಿಟ್ಟರು!

ಗಾಜಿನ ಬಾಗಿಲ ಹಿಂದೆ ಅದು ಗಿರಗಿರ ತಿರುಗುವುದನ್ನು ನೋಡುತ್ತ ಕೂತೆ. ಎಣ್ಣೆಜಿಡ್ಡು ಕಳೆದು ಹೊರಬಂದಾಗ ಅದರ ಮೇಲೆ ನೀಲಿ ಹೂಗಳಿದ್ದವು; ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಮೂಸಿದೆ. ಬರೀ ಸೋಪು. ನನ್ನ ಭೀಷಣ ಪ್ರತಿಜ್ಞೆ ಅಲ್ಲೇ ಮುರಿದುಬಿತ್ತು.

ಅಮ್ಮನಿಗೆ ಫೋನ್ ಮಾಡಿದೆ. "ಅಮ್ಮಾ, ನಿನ್ನ ವಾಸನೆ ಹೋಯ್ತು! ನೀಲಿ ಹೂವಿನ ಕವರು..."

"ನೀಲಿ ಹೂವಿಂದಾ? ಅದು ನಂದಲ್ಲ ಕಣೇ, ನಿಮ್ಮಪ್ಪಂದು! ಮೂರು ತಿಂಗಳಿಂದ ಹುಡುಕ್ತಾ ಇದಾರೆ."

"ನಿನ್ನ ಕಡೆನೇ ಇತ್ತಲ್ಲಮ್ಮಾ!"

"ನೀನು ಹೊರಡೋ ವಾರ ಅವರಿಗೆಲ್ಲಿ ನಿದ್ದೆ? ಎದ್ದೆದ್ದು ನಿನ್ನ ರೂಮಿನ ಬಾಗಿಲಿಗೆ ಹೋಗಿ ನಿಲ್ಲೋರು. ಅದಕ್ಕೇ ಬಾಗಿಲ ಕಡೆಯ ನನ್ನ ಜಾಗ ಬಿಟ್ಟುಕೊಟ್ಟಿದ್ದೆ."

"ಮತ್ತೆ ನಿನ್ನ ಕೈ ವಾಸನೆ?"

"ಅವರ ಬೋಳುತಲೆಗೆ ದಿನಾ ಎಣ್ಣೆ ತಿಕ್ಕೋದು ಈ ಕೈಯಲ್ವೇನೇ!"

ಮೂರು ತಿಂಗಳು! ಯಾರ ಜೊತೆ ಮಾತು ಬಿಟ್ಟು ಮೆರೆದೆನೋ, ಅವನ ಬೋಳುತಲೆಗೇ ಹಂಬಲಿಸಿದ್ದೆ!

ಅಷ್ಟರಲ್ಲಿ ಫೋನ್ ಕೈ ಬದಲಾಯಿತು.

"ಅಳ್ತಾ ಇದೀಯಾ?" ಅಪ್ಪ ಕೇಳಿದ.

"ನೆಗಡಿ," ಎಂದೆ.

"ನಂಗೂ," ಎಂದು ಮೂಗೆಳೆದ. "ಟಿಕೆಟ್ ಕಳಿಸ್ಲಾ?"

"ಬೇಡ."

"ಮತ್ತೇನು ಕಳಿಸ್ಲಿ?"

"ಈಗ ನಿನ್ನ ದಿಂಬಿಗೆ ಹಾಕ್ಕೊಂಡಿರೋ ಕವರು," ಎಂದೆ ಬಿಕ್ಕುತ್ತ. "ಒಗೀಬೇಡಪ್ಪಾ!"