ಬಂದದರಿ

ಮಾರ್ತಾಂಡನ ನೌಕರಿಗೆ ಕುತ್ತು ತಂದದ್ದು ನೆಲ್ಲಿಕಾಯಿ ಗಾತ್ರದ ಒಂದು ಹಸಿರು ಬಲ್ಬು.

ಪುಣೆಯ ಪೇಟೆಗಳಿಗೆ ನೀರು ಬಿಡುವ ಒಂದು ಪಂಪ್‌ಹೌಸಿನಲ್ಲಿ ಆತ ಎರಡು ವರ್ಷದಿಂದ ಹಂಗಾಮಿ. ಗೋಡೆಯ ಮೇಲಿನ ಎರಡು ದೀಪ ನೋಡುವುದು ಅವನ ಕೆಲಸ. ದೂರದ ಗುಡ್ಡದ ಮೇಲೆ ಟಾಕಿಗೆ ನೀರು ಬಿಡುವ ವಾಲ್ವು ಪೂರ್ತಿ ತೆರೆದರೆ ಕೆಂಪು, ಪೂರ್ತಿ ಮುಚ್ಚಿದರೆ ಹಸಿರು. ಎರಡೂ ಉರಿಯದಿದ್ದರೆ ವಾಲ್ವು ನಡುವೆಲ್ಲೋ ನಿಂತಿದೆ ಎಂದರ್ಥ. ಇಷ್ಟು ಓದಲು ಬಂದದ್ದಕ್ಕೆ ಆತ ಪಂಚಾಂಗ ಓದುವ ಭಟ್ಟರಂತೆ ಬೀಗುತ್ತಿದ್ದ.

ಅಂದು ಎಂಜಿನಿಯರ್ ಸಾಹೇಬರು ತೊಳೆದ ಟಾಕಿಯೊಳಗೆ ಇಳಿದು ನೋಡಿ, ಆಮೇಲೆ ಮಾರ್ತಾಂಡನನ್ನು ಕಾಯಂ ಮಾಡುವವರಿದ್ದರು. ಹೆಂಡತಿ, ಇಂದೂ ಎಂಬವಳು, ತವರಿನಿಂದ ಧಾರವಾಡ ಪೇಢೆ ತರಿಸಿ ಕಾಯುತ್ತಿದ್ದಳು. ಅದನ್ನು ಯಾರ್‍ಯಾರ ಮನೆಗೆ ಹಂಚಬೇಕೆಂದು ಪಕ್ಕದ ಮನೆಯ ರಂಗೂಬಾಯಿ ಆಗಲೇ ಗೊತ್ತುಮಾಡಿದ್ದಳು.

ಹತ್ತು ಗಂಟೆಗೆ ನೋಡಿದರೆ ಗೋಡೆಯ ಮೇಲೆ ಹಸಿರೂ ಇಲ್ಲ, ಕೆಂಪೂ ಇಲ್ಲ. ಲಡಾಯಿ ಕಾಲದ ಬಲ್ಬು, ಸುಟ್ಟಿರಬೇಕು ಎಂದ ಗುಮಾಸ್ತ ಪಂಢರಿನಾಥ. ದೀಪ ಓದುವುದು ಗುಮಾಸ್ತರ ಕೆಲಸವಲ್ಲವೆಂದು ಮಾರ್ತಾಂಡ ಅವನ ಬಾಯಿ ಮುಚ್ಚಿಸಿದ. ವಾಲ್ವು ಅರ್ಧಕ್ಕೇ ನಿಂತಿದೆ, ಸಾಹೇಬರು ಇಳಿಯುವ ಮೊದಲು ಪೂರ್ತಿ ಮುಚ್ಚಿಸಬೇಕು, ಅಷ್ಟೆ. ಆದರೂ ಖಾತ್ರಿಗೆಂದು ವಾಲ್ವಿನ ಹತ್ತಿರವಿದ್ದ, ತನ್ನಂತೆಯೇ ಧಾರವಾಡದ ಕಡೆಯ ಗೂಳಪ್ಪನಿಗೆ ಫೋನು ಮಾಡಿದ.

“ಗೂಳಪ್ಪಾ, ಟಾಕಿಗೆ ನೀರಿಂದು ಏನದ?”

“ಬಂದದರಿ.”

ನೀರು ಬಂದಿದೆಯಂತೆ. ಮಾರ್ತಾಂಡ ಪಂಢರಿನಾಥನ ಕಡೆಗೆ ಗೆದ್ದವನ ನೋಟ ಬೀರಿದ.

“ಹಂಗಾರ ವಾಲ್ವು ತಿರುವು. ಪೂರಾ ತಿರುವು.”

“ಈಗೇನ್ರಿ?”

“ಈಗಿಂದೀಗ.”

ಯಾಕೆ ಎಂದು ಕೇಳುವ ಚಟ ಗೂಳಪ್ಪನಿಗೆ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಕೆಂಪು ದೀಪ ಹತ್ತಿತು.

ಕೆಂಪಿನ ಅರ್ಥ ಮಾರ್ತಾಂಡನಿಗೆ ಚೆನ್ನಾಗಿ ಗೊತ್ತಿತ್ತು. ಆಗ ಹೊಳೆಯಿತು: ಗೂಳಪ್ಪ ಹೇಳಿದ್ದು ನೀರು ‘ಬಂದ್ ಅದ’, ಅಂದರೆ ನಿಂತಿದೆ, ಎಂದು. ಇವನು ಕೇಳಿಸಿಕೊಂಡದ್ದು ‘ಬಂದದ’ ಎಂದು. ಮುಚ್ಚಿದ ವಾಲ್ವನ್ನು ತಿರುವಿದರೆ ಅದು ತೆರೆಯದೆ ಇನ್ನೇನು ಮಾಡೀತು? ಹಸಿರು ಬಲ್ಬು ಪಂಢರಿನಾಥ ಹೇಳಿದಂತೆ ಸುಟ್ಟೇ ಹೋಗಿತ್ತು. ಮತ್ತೆ ಫೋನು ಮಾಡಿ ಮುಚ್ಚಿಸುವಷ್ಟರಲ್ಲಿ, ಆಚೆ ಬದಿಯ ಏಣಿಯಿಂದ ಟಾಕಿಗೆ ಇಳಿದಿದ್ದ ಸಾಹೇಬರ ಸ್ನಾನ ಮುಗಿದಿತ್ತು.

ಸಾಹೇಬರು ಬಂದಾಗ ಪ್ಯಾಂಟಿನಿಂದ ಇನ್ನೂ ನೀರು ಸೋರುತ್ತಿತ್ತು. ಮಾರ್ತಾಂಡ ಎದೆಗುಂದದೆ, ಕೆಂಪು ದೀಪ ಹತ್ತಿದ ಕೂಡಲೇ ತಾನು ಅದನ್ನು ತಪ್ಪಿಲ್ಲದೆ ಓದಿದ್ದಾಗಿ ಅರಿಕೆ ಮಾಡಿದ. ಸಾಹೇಬರು ಪೂರ್ತಿ ಕೇಳಿಸಿಕೊಂಡು ಮರಾಠಿಯಲ್ಲಿ ಹೇಳಿದರು:

“ತುಮಚಂ ಕಾಮ ಬಂದ್.”

ಮರಾಠಿಯಲ್ಲಿ ಆ ಮಾತಿಗೆ ಒಂದೇ ಅರ್ಥ. ನಾಳೆಯಿಂದ ಬರಬೇಕಿಲ್ಲ.

ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದೆಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡು ಆತ ಮನೆಗೆ ಬಂದ. ಹತ್ತಾರು ಸಂಸಾರಗಳಿದ್ದ ವಾಡೆಯ ಬಾಗಿಲಲ್ಲೇ ಇಂದೂ, ಅವಳ ಬೆನ್ನಿಗೆ ಪೇಢೆಯ ತಾಟು ಹಿಡಿದ ರಂಗೂಬಾಯಿ.

“ಕಾಯಂ ನೌಕರಿದು ಏನಾತ್ರಿ?” ಇಂದೂ ಕೇಳಿದಳು.

“ಬಂದ್ ಅದ” ಎಂದ ಮಾರ್ತಾಂಡ. ಒಂದೇ ಉಸಿರಿಗೆ ಹೇಳಿ ಮುಗಿಸುವ ಅವಸರದಲ್ಲಿ ಎರಡು ಶಬ್ದ ಒಂದಾಗಿ ಹೊರಬಿದ್ದವು.

ರಂಗೂಬಾಯಿ ಆಗಲೇ ಮೊದಲನೆಯ ಮನೆಯ ಬಾಗಿಲು ಬಡಿಯುತ್ತಿದ್ದಳು. ಬಿಡಿಸಿ ಹೇಳೋಣವೆಂದು ಮಾರ್ತಾಂಡ ಬಾಯಿ ತೆರೆದ. ಇಂದೂ ಅದರೊಳಗೆ ಇಡೀ ಒಂದು ಪೇಢೆ ಇಟ್ಟಳು. ಬಾಯಿ ಬಂದ್ ಆಯಿತು.